ಸಂಜೆ ಬೀಳುತ್ತಿದ್ದ ಲೈನು: ಮಲೆನಾಡಿನ ಮನೆಯೊಂದರ ಡಿಎಸ್‌ಎಲ್ ರಿಪೇರಿ

2020ರ ಲಾಕ್‌ಡೌನಿನಲ್ಲಿ ಬೆಂಗಳೂರಿನ ಬಾಡಿಗೆ ಮನೆಗೆ ಬೀಗ ಹಾಕಿ ಹೊಸನಗರದ ಕಡೆಯ ನಮ್ಮ ಮನೆಗೆ ಬಂದೆ. ಇಲ್ಲಿ ಮೊಬೈಲ್ ಸಿಗ್ನಲ್ ಬೇಕೆಂದರೆ ಗುಡ್ಡ ಹತ್ತಬೇಕು. ಮಳೆಗಾಲದಲ್ಲಿ ಲ್ಯಾಪ್‌ಟಾಪ್ ಹಿಡಿದು ಗುಡ್ಡದ ಮೇಲೆ ಕೂರುವುದು ಆಗದ ಮಾತು. ಮನೆಯಲ್ಲಿ ಇದ್ದದ್ದು ಹಳೇ ಲ್ಯಾಂಡ್‌ಲೈನು, ಅದೇ ಫೋನ್ ತಂತಿಯ ಮೇಲೆ ಬರುವ ಬ್ರಾಡ್‌ಬ್ಯಾಂಡ್, ಅಂದರೆ ಡಿಎಸ್‌ಎಲ್. ಪ್ಲಾನಿನ ಪ್ರಕಾರ 10 ಎಂಬಿಪಿಎಸ್‌ವರೆಗೆ ಬರಬೇಕು. ಬರುತ್ತಿದ್ದದ್ದು 1.

ಎರಡು ತಿಂಗಳು ಅದರ ಹಿಂದೆ ಬಿದ್ದೆ. ಇದು ಆ ಎರಡು ತಿಂಗಳ ಲೆಕ್ಕ. ಮಾಡಿದ ತಪ್ಪುಗಳನ್ನೂ ಹಾಗೇ ಬರೆದಿದ್ದೇನೆ. ತಾಮ್ರದ ತಂತಿಯ ಮೇಲೆ ಇಂಟರ್ನೆಟ್ ನಂಬಿಕೊಂಡ ಮನೆಗಳು 2020ರಲ್ಲಿ ನಮ್ಮ ಕಡೆ ಬೇಕಾದಷ್ಟಿದ್ದವು. ನಾನು ಹಾಳು ಮಾಡಿಕೊಂಡ ಮೊದಲ ಮೂರು ವಾರ ಇನ್ನೂ ಅಂಥ ಲೈನು ಇರುವವರಿಗೆ ಉಳಿದರೆ ಸಾಕು.

ಲೈನಿನ ವಿವರ ಇಷ್ಟು. ಎಕ್ಸ್‌ಚೇಂಜಿನಿಂದ ಮನೆಗೆ ರಸ್ತೆ ಲೆಕ್ಕದಲ್ಲಿ 2.8 ಕಿ.ಮೀ. ನೆಲದೊಳಗಿನ ಕೇಬಲ್ ನಮ್ಮ ಗೇಟಿನ ಹತ್ತಿರದ ಡಿಪಿ ಬಾಕ್ಸ್‌ವರೆಗೆ (ಕೇಬಲಿನಿಂದ ಮನೆಮನೆಗೆ ತಂತಿ ಕವಲೊಡೆಯುವ ಪೆಟ್ಟಿಗೆ) ಬರುತ್ತದೆ. ಅಲ್ಲಿಂದ ತೋಟದ ಅಂಚು ಹಿಡಿದು, ಮರದಿಂದ ಮರಕ್ಕೆ ಕಟ್ಟಿಕೊಂಡು, ಮನೆಗೆ 180 ಮೀಟರ್ ಡ್ರಾಪ್ ವೈರ್. ಎಕ್ಸ್‌ಚೇಂಜಿನಲ್ಲಿ ಇದ್ದದ್ದು ಎಡಿಎಸ್‌ಎಲ್2+ ಎಂಬ ಬಗೆಯ ಡಿಎಸ್‌ಎಲ್ ಪೋರ್ಟು. ನನ್ನ ಹತ್ತಿರ ಇದ್ದ ಸಲಕರಣೆ: ಮಲ್ಟಿಮೀಟರ್, ಸ್ಕ್ರೂಡ್ರೈವರ್, ಕಟಿಂಗ್ ಪ್ಲೇಯರ್, 30 ಮೀಟರಿನ ಟೇಪು, ಹಳೇ ತಂತಿ ಫೋನು ಒಂದು. ಆಮೇಲೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಅಪ್ಪಯ್ಯನ ಗೋಡೆ ಕ್ಯಾಲೆಂಡರ್.

ಜೂನ್ 8, ಸೋಮವಾರ

ಮೋಡೆಮಿನ ಸ್ಟೇಟಸ್ ಪುಟ ತೆಗೆದು ಬೆಳಿಗ್ಗೆ 10:40ಕ್ಕೆ ಮೊದಲ ಸಲ ಬರೆದಿಟ್ಟುಕೊಂಡೆ. ಡೌನ್‌ಲೋಡ್ ಸಿಂಕ್, ಅಂದರೆ ಮೋಡೆಮೂ ಎಕ್ಸ್‌ಚೇಂಜೂ ಒಪ್ಪಿಕೊಂಡ ಸ್ಪೀಡು, 1,248 ಕೆಬಿಪಿಎಸ್ (ಸುಮಾರು 1.2 ಎಂಬಿಪಿಎಸ್). ಅಪ್‌ಲೋಡ್ 640. ಅಟೆನ್ಯುಯೇಷನ್, ಅಂದರೆ ದಾರಿಯಲ್ಲಿ ಸಿಗ್ನಲ್ ಸವೆಯುವ ಪ್ರಮಾಣ, 43.5 ಡೆಸಿಬೆಲ್ (ಡಿಬಿ). ನಾಯ್ಸ್ ಮಾರ್ಜಿನ್ 19.5 ಡಿಬಿ.

ಈ ಕೊನೆಯ ಅಂಕಿಯನ್ನು ನಾನು ತಪ್ಪಾಗಿ ಓದಿದೆ. ಮಾರ್ಜಿನ್ ಅಂದರೆ ಲೈನಿನಲ್ಲಿ ಸಿಗ್ನಲಿಗೂ ಗಲಾಟೆಗೂ (ನಾಯ್ಸ್) ನಡುವೆ, ಈಗಿನ ಸ್ಪೀಡಿಗೆ ಬೇಕಾದದ್ದು ಹೋಗಿ ಉಳಿದಿರುವ ಜಾಗ. ಜಾಸ್ತಿ ಇದ್ದಷ್ಟೂ ಒಳ್ಳೆಯದು ಎಂದು ಎಲ್ಲೋ ಓದಿದ್ದೆ. 19.5 ಇದೆ, ಹಾಗಾದರೆ ಲೈನು ಚೆನ್ನಾಗಿದೆ, ಮೋಡೆಮ್ ಹಾಳಾಗಿದೆ ಎಂದುಕೊಂಡೆ. ಆದರೆ ಮಾರ್ಜಿನ್ ಅಷ್ಟು ಜಾಸ್ತಿ ಇದ್ದೂ ಸಿಂಕ್ ಅಷ್ಟು ಕಮ್ಮಿ ಇರುವುದು ಸರಿಯಲ್ಲ. ಉತ್ತರ ಅವತ್ತೇ ಪುಟದ ಮೇಲಿತ್ತು.

ಜೂನ್ 11

ಶಿವಮೊಗ್ಗದಿಂದ ಹೊಸ ಮೋಡೆಮ್ ತರಿಸಿದೆ. ಬಸ್ಸಿನಲ್ಲಿ ಕಳಿಸಿಕೊಟ್ಟರು. 1,750 ರೂಪಾಯಿ. ರಾತ್ರಿ 8 ಗಂಟೆಗೆ ಜೋಡಿಸಿದೆ. ಸಿಂಕ್ 1,184. ಹಳೆಯದಕ್ಕಿಂತ ಕಮ್ಮಿ. ಆಫ್ ಮಾಡಿ ಆನ್ ಮಾಡಿದೆ, ಆರು ಸಲ. 1,152, 1,216, ಹೀಗೇ. ಹಣ ದಂಡ.

ಜೂನ್ 14, ಭಾನುವಾರ: ಮನೆಯೊಳಗಿನ ತಂತಿ

ಮನೆಯ ಹೊರಗಿನ ತಂತಿ ಕಂಪನಿಯದು, ಒಳಗಿನದು ನಮ್ಮದು. ಹಾಗಾಗಿ ಒಳಗಿನಿಂದ ಶುರು ಮಾಡಿದೆ. ಜಗಲಿಯ ರೋಸೆಟ್ ಬಾಕ್ಸ್ (ಹೊರಗಿನ ಫೋನ್ ತಂತಿ ಬಂದು ಸೇರುವ ಡಬ್ಬಿ) ಬಿಚ್ಚಿದರೆ ಒಂದೇ ಸ್ಕ್ರೂಗೆ ಮೂರು ಜೋಡಿ ತಂತಿ. ಒಂದು ಹೊರಗಿನಿಂದ ಬಂದದ್ದು, ಒಂದು ಫೋನನ್ನೂ ಇಂಟರ್ನೆಟ್ಟನ್ನೂ ಬೇರೆ ಮಾಡುವ ಸ್ಪ್ಲಿಟರಿಗೆ ಹೋದದ್ದು. ಮೂರನೆಯದು ಮಾಡಿನ ಮೇಲೆ ಹತ್ತಿ ಹೋಗಿತ್ತು. ಹಿಡಿದುಕೊಂಡು ಹೋದೆ. ಅಟ್ಟ ದಾಟಿ, ಅಡಿಕೆ ಸುಲಿಯುವ ಚಪ್ಪರದವರೆಗೆ. ಟೇಪು ಹಿಡಿದರೆ 55 ಮೀಟರ್. ತುದಿಯಲ್ಲಿ ಎಂದೋ ಸತ್ತ ಫೋನು, ಗೆದ್ದಲು ಹಿಡಿದದ್ದು. ಸುಗ್ಗಿಯ ಕಾಲದಲ್ಲಿ ಅಲ್ಲೇ ಕುಳಿತು ಮಾತಾಡಲಿ ಎಂದು 20 ವರ್ಷದ ಹಿಂದೆ ಹಾಕಿಸಿದ್ದಂತೆ.

ಮಾತಾಡಲು ಈ ಕವಲು ತಂತಿಯಿಂದ ತೊಂದರೆ ಇಲ್ಲ. ಇಂಟರ್ನೆಟ್ಟಿಗೆ ದೊಡ್ಡ ತೊಂದರೆ. ಸಿಗ್ನಲ್ ಅದರೊಳಗೂ ಹೋಗಿ, ತುದಿಗೆ ಬಡಿದು ವಾಪಸ್ ಬರುತ್ತದೆ. ವಾಪಸ್ ಬಂದದ್ದು ಕೆಲವು ಫ್ರೀಕ್ವೆನ್ಸಿಗಳನ್ನು ತಿಂದುಹಾಕುತ್ತದೆ. ಸ್ಕ್ರೂ ಸಡಿಲ ಮಾಡಿ ಆ ಜೋಡಿಯನ್ನು ತೆಗೆದೇಬಿಟ್ಟೆ. ಹಳೇ ಸ್ಪ್ಲಿಟರ್ ಬದಲಿಸಿದೆ, 120 ರೂಪಾಯಿ.

ಮಧ್ಯಾಹ್ನ 12:15ಕ್ಕೆ ಮೋಡೆಮ್ ಆನ್. ಸಿಂಕ್ 5,632! ಮಾರ್ಜಿನ್ 6.2. ಸ್ಪೀಡ್ ಟೆಸ್ಟಿನಲ್ಲಿ 4.8 ಎಂಬಿಪಿಎಸ್. ಸಿಂಕಿನಷ್ಟೇ ಸ್ಪೀಡ್ ಟೆಸ್ಟಿನಲ್ಲಿ ಬರುವುದಿಲ್ಲ. ಎಡಿಎಸ್‌ಎಲ್‌ನಲ್ಲಿ ಡೇಟಾ ಹೊತ್ತು ತರುವ ಪ್ಯಾಕಿಂಗಿಗೇ ಸುಮಾರು 14-15 ಶೇಕಡಾ ಹೋಗುತ್ತದೆ. ಅದು ದೋಷ ಅಲ್ಲ.

ಸಂಜೆ 6:22ಕ್ಕೆ ಲೈನು ಬಿತ್ತು, ಅಂದರೆ ಕನೆಕ್ಷನ್ ಕಡಿಯಿತು. ಮತ್ತೆ ಎದ್ದಾಗ 1,696.

ಜೂನ್ 15

ಬೆಳಿಗ್ಗೆ 9ಕ್ಕೆ ನೋಡಿದರೆ ಅದೇ 1,696. ಮಾರ್ಜಿನ್ ಮಾತ್ರ 18. ಆಫ್ ಮಾಡಿ ಒಂದು ನಿಮಿಷ ಬಿಟ್ಟು ಆನ್ ಮಾಡಿದೆ. 5,600.

ಆಗ ಹೊಳೆಯಿತು. ಈ ಲೈನು ಸ್ಪೀಡನ್ನು ತಾನೇ ಹೊಂದಿಸಿಕೊಳ್ಳುವ ಜಾತಿಯದು. ಆದರೆ ಹೊಂದಿಸಿಕೊಳ್ಳುವುದು ಪ್ರತಿ ಕ್ಷಣ ಅಲ್ಲ, ಕನೆಕ್ಟ್ ಆಗುವ ಹೊತ್ತಿಗೆ ಒಂದೇ ಸಲ. ಎಡಿಎಸ್‌ಎಲ್2+ ತಂತಿಯ ಮೇಲೆ 2.2 ಮೆಗಾಹರ್ಟ್ಸ್‌ವರೆಗೆ 512 ಸಣ್ಣ ಸಣ್ಣ ಓಣಿಗಳು. ಕನೆಕ್ಟ್ ಆಗುವಾಗ ಮೋಡೆಮೂ ಎಕ್ಸ್‌ಚೇಂಜಿನ ಪೆಟ್ಟಿಗೆಯೂ ಒಂದೊಂದು ಓಣಿಯಲ್ಲಿ ಆ ಕ್ಷಣಕ್ಕೆ ಎಷ್ಟು ಗಲಾಟೆ ಇದೆ ಎಂದು ಅಳೆದು, 6 ಡಿಬಿ ಮಾರ್ಜಿನ್ ಕೈಯಲ್ಲಿಟ್ಟುಕೊಂಡು, ಉಳಿದದ್ದರಲ್ಲಿ ಎಷ್ಟು ತುಂಬಬಹುದೋ ಅಷ್ಟು ತುಂಬುತ್ತವೆ. ಒಟ್ಟು ಮೊತ್ತವೇ ಸಿಂಕ್. ಅದು ಮುಂದಿನ ಸಲ ಲೈನು ಬೀಳುವವರೆಗೆ ಹಾಗೇ. ಓಣಿಯಿಂದ ಓಣಿಗೆ ಸ್ವಲ್ಪ ಹೊರೆ ಬದಲಾಯಿಸಿಕೊಳ್ಳಬಹುದು, ಮೊತ್ತ ಬದಲಾಗುವುದಿಲ್ಲ. ಕನೆಕ್ಷನ್ ಕಡಿಯದೇ ಮೊತ್ತವನ್ನೂ ಏರಿಳಿಸುವ ಸೌಲಭ್ಯ ಸ್ಟ್ಯಾಂಡರ್ಡಿನಲ್ಲಿ ಇದೆ, ನಮ್ಮ ಪೋರ್ಟಿನಲ್ಲಿ ಅದು ಇರಲಿಲ್ಲ.

ಅಂದರೆ ಬೆಳಿಗ್ಗೆ 10:40ಕ್ಕೆ ನಾನು ನೋಡಿದ 1,248 ಬೆಳಗಿನ ಸ್ಪೀಡೇ ಅಲ್ಲ. ಹಿಂದಿನ ರಾತ್ರಿ ಗಲಾಟೆಯ ನಡುವೆ ಒಪ್ಪಿಕೊಂಡ ಸ್ಪೀಡು. ಬೆಳಗಾದ ಮೇಲೆ ಗಲಾಟೆ ನಿಂತಿದೆ, ಮಾರ್ಜಿನ್ 6ರಿಂದ 19ಕ್ಕೆ ಏರಿದೆ, ಸ್ಪೀಡು ಮಾತ್ರ ಅಲ್ಲೇ ನಿಂತಿದೆ. ಸಿಂಕ್ ಕಮ್ಮಿ, ಮಾರ್ಜಿನ್ ಜಾಸ್ತಿ ಕಂಡರೆ ಮೋಡೆಮನ್ನು ಬೈಯಬೇಡಿ. ಕೊನೆಯ ಸಲ ಲೈನು ಎದ್ದದ್ದು ಎಷ್ಟು ಹೊತ್ತಿಗೆ ಎಂದು ನೋಡಿ. ಸ್ಟೇಟಸ್ ಪುಟದಲ್ಲಿ 'ಅಪ್‌ಟೈಮ್' ಇರುತ್ತದೆ. ಈಗಿನ ಗಂಟೆಯಿಂದ ಅದನ್ನು ಕಳೆದರೆ ಆಯಿತು.

11ನೇ ತಾರೀಕು ರಾತ್ರಿ 8ಕ್ಕೆ ಆರು ಸಲ ಆಫ್-ಆನ್ ಮಾಡಿದ್ದು ಎಂಥ ವ್ಯರ್ಥ ಕೆಲಸ ಎಂದು ಈಗ ಗೊತ್ತಾಯಿತು. ಗಲಾಟೆ ಜೋರಾಗಿರುವ ಹೊತ್ತಿಗೇ ಆರು ಸಲ ಅಳತೆ ಮಾಡಿಸಿದ್ದೆ.

ಜೂನ್ 17: ನಾನು ಹಾಕಿದ ಜಾಯಿಂಟು

ಮಳೆ ಹಿಡಿದುಕೊಂಡಿತು. ಫೋನಿನಲ್ಲಿ ಗರಗರ. ಮನೆಯ ಹಿಂದಿನ ಹಲಸಿನ ಮರದ ಹತ್ತಿರ ಡ್ರಾಪ್ ವೈರಿಗೆ ಹಳೇ ಜಾಯಿಂಟು ಇತ್ತು. ಟೇಪು ಸುತ್ತಿದ್ದು ಬಿಚ್ಚಿಕೊಂಡು ಜೋತಾಡುತ್ತಿತ್ತು. ಬಿಡಿಸಿ ನೋಡಿದರೆ ತಾಮ್ರ ಕಾಣದಷ್ಟು ಹಸಿರು ಕಿಲುಬು. ಉಗುರಿನಲ್ಲಿ ಕೆರೆದರೆ ಪುಡಿ ಉದುರಿತು. ಲೈನ್‌ಮನ್ ಬರುವವರೆಗೆ ಕಾಯಬೇಕಿತ್ತು, ಕಾಯಲಿಲ್ಲ. ತುದಿ ಕತ್ತರಿಸಿ, ಚೆನ್ನಾಗಿ ಹೊಸೆದು, ಕರೆಂಟಿನವರ ಕಪ್ಪು ಟೇಪನ್ನು ಐದು ಸುತ್ತು ಸುತ್ತಿದೆ.

ಮೂರೇ ದಿನ. 20ನೇ ತಾರೀಕಿಗೆ ಸಿಂಕ್ 900ಕ್ಕೆ ಇಳಿದು, ಫೋನು ಪೂರ್ತಿ ಸತ್ತಿತು. ಟೇಪಿನೊಳಗೆ ನೀರು ಹೋಗಿ ಅಲ್ಲೇ ನಿಂತಿತ್ತು. ಟೇಪು ಮಳೆಯನ್ನು ಹೊರಗಿಡುವುದಿಲ್ಲ, ಒಳಗೆ ಹೋದದ್ದನ್ನು ಹಿಡಿದಿಟ್ಟುಕೊಳ್ಳುತ್ತದೆ. ವಿಚಿತ್ರವೆಂದರೆ ಫೋನು ಸತ್ತರೂ ಇಂಟರ್ನೆಟ್ ಕುಂಟುತ್ತಾ ನಡೆಯುತ್ತಿತ್ತು. ಎರಡು ತಂತಿಯಲ್ಲಿ ಒಂದು ಕಡಿದರೂ ಡಿಎಸ್‌ಎಲ್ ಹೇಗೋ ಸ್ವಲ್ಪ ಬರಬಹುದು. ಮಾತಿಗೆ ಎರಡೂ ಬೇಕೇ ಬೇಕು.

ಜೂನ್ 21, ಭಾನುವಾರ: ಭದ್ರಾವತಿ

ಸೂರ್ಯಗ್ರಹಣ. ಗ್ರಹಣ ಬಿಡುವವರೆಗೆ ತಂತಿ ಮುಟ್ಟಬೇಡ ಎಂದು ಅಮ್ಮ ಹೇಳಿದರು. ಸರಿ, ಕೂತಲ್ಲೇ ಆಗುವ ಕೆಲಸ ಮಾಡೋಣ ಎಂದು ಮೋಡೆಮ್ ಒಳಗೆ ಟೆಲ್‌ನೆಟ್‌ನಲ್ಲಿ (ಕಮಾಂಡ್ ಟೈಪ್ ಮಾಡಿ ಒಳಹೋಗುವ ದಾರಿ) ಹೋದೆ. 512 ಓಣಿಗಳಲ್ಲಿ ಒಂದೊಂದಕ್ಕೆ ಎಷ್ಟು ಬಿಟ್ ಸಿಕ್ಕಿದೆ ಎಂಬ ಪಟ್ಟಿ ಅಲ್ಲಿ ಸಿಗುತ್ತದೆ. ಲೈನು ಕುಂಟುತ್ತಿದ್ದರೂ 15 ಮತ್ತು 16ನೇ ತಾರೀಕು ತೆಗೆದಿಟ್ಟ ಪಟ್ಟಿ ನನ್ನ ಹತ್ತಿರ ಇತ್ತು. ಸ್ಪ್ರೆಡ್‌ಶೀಟಿಗೆ ಹಾಕಿ ಗೆರೆ ಎಳೆಸಿದೆ.

ಎಡಗಡೆ ಎತ್ತರ, ಬಲಕ್ಕೆ ಹೋದ ಹಾಗೆ ಗುಡ್ಡ ಇಳಿದಂತೆ ಇಳಿಜಾರು. 310ರ ಹತ್ತಿರ ಸೊನ್ನೆ. ನಡುವೆ 155ರಿಂದ 158ರವರೆಗೆ ಚೂಪಾಗಿ ಕೆಳಗೆ ಇಳಿದ ಒಂದು ಕಿರಿದಾದ ಗುಂಡಿ. ಒಂದು ಓಣಿಯ ಅಗಲ 4.3125 ಕಿಲೋಹರ್ಟ್ಸ್. 156.5ರಿಂದ ಗುಣಿಸಿದೆ. 675 ಬಂತು. ಅಡುಗೆಮನೆಯಲ್ಲಿ ಅಮ್ಮನ ರೇಡಿಯೋ ಹಾಡುತ್ತಿತ್ತು. ಅದರ ಮುಳ್ಳು ನಿಂತಿದ್ದದ್ದೂ 675ರ ಮೇಲೆಯೇ, ಆಕಾಶವಾಣಿ ಭದ್ರಾವತಿ. ನಮ್ಮ 180 ಮೀಟರ್ ಡ್ರಾಪ್ ವೈರ್ ಆಂಟೆನಾ ಆಗಿ ಕೆಲಸ ಮಾಡುತ್ತಿದೆ. ಆ ಮೂರು ನಾಲ್ಕು ಓಣಿಗಳನ್ನು ಮೋಡೆಮ್ ಭದ್ರಾವತಿಗೆ ಬಿಟ್ಟುಕೊಟ್ಟಿದೆ. ಎಷ್ಟೋ ಹೊತ್ತು ಆ ಗುಂಡಿಯನ್ನೇ ನೋಡುತ್ತಾ ಕುಳಿತಿದ್ದೆ. ಚಿಕ್ಕಂದಿನಿಂದ ಕೇಳಿದ ಸ್ಟೇಷನ್ನು ತಂತಿಯ ಮೇಲೆ ಕಣ್ಣಿಗೆ ಕಂಡಿತು ಎಂದರೆ ಖುಷಿಯಾಗುವುದಿಲ್ಲವಾ?

ಸಂಜೆಯ ಕಳ್ಳ ಇದೇ ಇರಬೇಕು ಎಂದು ಎರಡು ದಿನ ಅಂದುಕೊಂಡಿದ್ದೆ. ರಾತ್ರಿ ಮೀಡಿಯಂ ವೇವ್ ದೂರದೂರದ ಸ್ಟೇಷನ್ನುಗಳನ್ನು ಹೊತ್ತು ತರುತ್ತದೆ, ಅದು ನಿಜ. ಆದರೆ ರೇಡಿಯೋ ಹಳ್ಳ ತೋಡುವುದು ಮೂರು ನಾಲ್ಕು ಓಣಿಯ ಜಾಗದಲ್ಲಿ. ನಮ್ಮ ರಾತ್ರಿಯ ಪಟ್ಟಿಯಲ್ಲಿ ಇಡೀ ಗುಡ್ಡವೇ ಕುಸಿದಿತ್ತು. ಅದು ರೇಡಿಯೋ ಕೆಲಸ ಅಲ್ಲ.

ಜೂನ್ 23: ಲೈನ್‌ಮನ್ ಬಂದರು

ಇನ್ನೇನು ರಿಟೈರ್ ಆಗಲಿರುವ ಹಿರಿಯರು. ನನ್ನ ಟೇಪಿನ ಜಾಯಿಂಟು ನೋಡಿ, "ಇದನ್ನು ಯಾರು ಮಾಡಿದ್ದು ಮಾರಾಯ್ರೇ?" ಎಂದು ಕೇಳಿದರು. ನಾನೇ ಎಂದೆ. ಜೇಬಿನಿಂದ ಜೆಲ್ಲಿ ಕನೆಕ್ಟರ್ ತೆಗೆದು ತೋರಿಸಿದರು. ಅಂಗಿಯ ಗುಂಡಿಯ ಹಾಗಿರುವ ಸಣ್ಣ ಪ್ಲಾಸ್ಟಿಕ್ ತುಂಡು, ಒಳಗೆ ಅಂಟು ಜೆಲ್ಲಿ. ತಂತಿಯ ಸಿಪ್ಪೆ ಸುಲಿಯುವುದೂ ಬೇಡ. ಎರಡು ತುದಿ ತೂರಿಸಿ ಪ್ಲೇಯರಿನಲ್ಲಿ ಒತ್ತಿದರೆ ಟಕ್ ಎಂದು ಕೂರುತ್ತದೆ, ಜೆಲ್ಲಿ ತಂತಿಯ ಸುತ್ತ ಹರಡಿಕೊಳ್ಳುತ್ತದೆ. ನೀರಿಗೆ ಜಾಗವೇ ಇಲ್ಲ. ಒಂದಕ್ಕೆ 4 ರೂಪಾಯಿ. 20 ತರಿಸಿಟ್ಟುಕೊಂಡೆ.

ಡಿಪಿ ಬಾಕ್ಸಿನಲ್ಲಿ ನಮ್ಮ ಜೋಡಿ ಬಿಚ್ಚಿ, ಎರಡು ತುದಿ ಸೇರಿಸಿ ಹಿಡಿದುಕೊಂಡರು. ಮನೆಯ ಕಡೆಯಿಂದ ನಾನು ಮಲ್ಟಿಮೀಟರಿನಲ್ಲಿ ಅಳೆದೆ. ಅರ್ಧ ಎಂಎಂ ತಾಮ್ರ ಹೋಗಿ ಬರುವ ಲೆಕ್ಕಕ್ಕೆ ಕಿ.ಮೀ.ಗೆ ಸುಮಾರು 170 ಓಮ್. 180 ಮೀಟರಿಗೆ 31 ಬರಬೇಕು. 58 ತೋರಿಸಿತು. ಗಾಳಿ ಬೀಸಿದರೆ 70, ಮತ್ತೆ 55. ಉದ್ದಕ್ಕೂ ಇಂಥ ಜಾಯಿಂಟು ಇನ್ನೂ ನಾಲ್ಕು ಸಿಕ್ಕವು. ಒಂದೊಂದೇ ಸರಿಮಾಡುವುದು ಬೇಡ, ವೈರನ್ನೇ ಬದಲಾಯಿಸೋಣ ಎಂದರು. ಕಂಪನಿಯಲ್ಲಿ ಸ್ಟಾಕ್ ಇರಲಿಲ್ಲ. ಪೇಟೆಯಿಂದ ನಾನೇ 210 ಮೀಟರ್ ತಂದೆ, ಮೀಟರಿಗೆ 8ರಂತೆ 1,680 ರೂಪಾಯಿ. ಹಳೇ ದಾರಿಯಲ್ಲೇ, ಹಳೇ ಮರಗಳಿಗೇ ಎಳೆದೆವು. ದಾರಿಯ ವಿಷಯ ಆವತ್ತು ಇಬ್ಬರ ತಲೆಗೂ ಬರಲಿಲ್ಲ. ಆಮೇಲೆ ಅದಕ್ಕೆ ಒಂದು ಪೂರ್ತಿ ದಿನ ಕೊಡಬೇಕಾಯಿತು.

ಮಧ್ಯಾಹ್ನ 3ಕ್ಕೆ ಸಿಂಕ್ 7,456. ಅಟೆನ್ಯುಯೇಷನ್ 43.5ರಿಂದ 41ಕ್ಕೆ ಇಳಿಯಿತು. ಅರ್ಧ ಎಂಎಂ ತಂತಿಗೆ ಕಿ.ಮೀ.ಗೆ ಸುಮಾರು 13.8 ಡಿಬಿ ಹಿಡಿದರೆ 3 ಕಿ.ಮೀ. ಆಗುತ್ತದೆ. ನಮ್ಮ ದೂರವೂ ಸರಿಸುಮಾರು ಅಷ್ಟೇ. ಅಂದರೆ ಈ ಲೈನು ಇದಕ್ಕಿಂತ ತುಂಬಾ ಹೆಚ್ಚು ಕೊಡಲಾರದು.

ಸಂಜೆ 6:41. ಬಿತ್ತು. 2,080.

ಜೂನ್ 24ರಿಂದ ಜುಲೈ 1: ಕ್ಯಾಲೆಂಡರ್

ಹಗಲು ಏಳೂವರೆ ಎಂಬಿ ಇಟ್ಟುಕೊಂಡು ಏನು ಮಾಡಲಿ? ನನ್ನ ಮುಖ್ಯ ಮೀಟಿಂಗುಗಳು ಸಂಜೆ ಏಳಕ್ಕೆ. ಬೀಳುವ ಹೊತ್ತನ್ನು ದಿನಾ ಬರೆಯಲು ಶುರು ಮಾಡಿದೆ. ನಡುಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಅಪ್ಪಯ್ಯ ತಮ್ಮ ಲೆಕ್ಕ ಬರೆಯುತ್ತಾರೆ. ಕೊಳೆ ಔಷಧಿ ಹೊಡೆದದ್ದು, ಗೊಬ್ಬರ ಬಂದದ್ದು, ಹಸು ಕಟ್ಟಿಸಿದ್ದು. ಅದರ ಕೆಳಗೇ ಪೆನ್ಸಿಲಿನಲ್ಲಿ ನಾನೂ ಬರೆದೆ.

24: 6:18. 25: 6:25. 26: 6:20. 27: 7:05. 28: 6:22. 29: 6:30. 30: ಬೀಳಲಿಲ್ಲ. 1: 6:24.

ಪಕ್ಕದ ಮನೆಗಳ ಬೀದಿ ದೀಪ, ನಮ್ಮ ಎಲ್‌ಇಡಿ ಬಲ್ಬುಗಳು, ಮೊಬೈಲ್ ಚಾರ್ಜರ್, ಇನ್ವರ್ಟರ್ ಎಲ್ಲವನ್ನೂ ಒಂದೊಂದಾಗಿ ಆಫ್ ಮಾಡಿ ನೋಡಿದೆ. ಅಗ್ಗದ ಬಲ್ಬಿನ ಡ್ರೈವರ್ ಡಿಎಸ್‌ಎಲ್ ಕೆಡಿಸುವುದು ಉಂಟು. ನಮ್ಮಲ್ಲಿ ವ್ಯತ್ಯಾಸ ಕಾಣಲಿಲ್ಲ. ಒಂದು ಸಂಜೆ ಮೇನ್ ಸ್ವಿಚ್ಚನ್ನೇ ತೆಗೆದು, ಮೋಡೆಮನ್ನು ಸಣ್ಣ ಬ್ಯಾಟರಿಯಲ್ಲಿ ಓಡಿಸಿದೆ. ಆಗಲೂ ಬಿತ್ತು. ಕರೆಂಟೇ ಇಲ್ಲದ ಮನೆಯಲ್ಲಿ ಕರೆಂಟಿನ ಗಲಾಟೆ ಎಲ್ಲಿಂದ ಬಂತು?

27ನೇ ತಾರೀಕು ಯಾಕೆ 7:05? 30ನೇ ತಾರೀಕು ಯಾಕೆ ಇಲ್ಲವೇ ಇಲ್ಲ? ಕ್ಯಾಲೆಂಡರಿನಲ್ಲಿ ನನ್ನ ಪೆನ್ಸಿಲಿನ ಮೇಲೆಯೇ ಅಪ್ಪಯ್ಯನ ನೀಲಿ ಪೆನ್ನು ಇತ್ತು. 27ಕ್ಕೆ: 'ಪೇಟೆ. ಬರುವಾಗ ಕತ್ತಲೆ.' 30ಕ್ಕೆ: 'ಬೇಲಿ ಬ್ಯಾಟರಿ ಚಾರ್ಜಿಗೆ ಕೊಟ್ಟದ್ದು.'

ಜುಲೈ 2: ಟಕ್

ಕಾಡುಹಂದಿಗೂ ಕಾಡುಕೋಣಕ್ಕೂ ಎಂದು ತೋಟದ ಸುತ್ತ ಸೋಲಾರ್ ಬೇಲಿ ಇದೆ. ಹಗಲು ಆಫ್. ಸಂಜೆ ದೀಪ ಹಚ್ಚುವ ಹೊತ್ತಿಗೆ ಅಪ್ಪಯ್ಯ ಜಗಲಿಯ ಮೂಲೆಯಲ್ಲಿರುವ ಪೆಟ್ಟಿಗೆಯ ಸ್ವಿಚ್ ಹಾಕುತ್ತಾರೆ. ಬೆಳಿಗ್ಗೆ ಹಾಲು ಕರೆಯುವ ಮೊದಲು ತೆಗೆಯುತ್ತಾರೆ. ಅದು ಬ್ಯಾಟರಿಯಲ್ಲಿ ನಡೆಯುವುದರಿಂದ ಮೇನ್ ತೆಗೆದರೂ ನಿಲ್ಲುವುದಿಲ್ಲ.

ಸಂಜೆ ಹಳೇ ಫೋನು ಜೋಡಿಸಿ ಕಿವಿಗೆ ಹಿಡಿದೆ. ಒಂದು ನಂಬರ್ ಒತ್ತಿದರೆ ಡಯಲ್ ಟೋನ್ ನಿಲ್ಲುತ್ತದೆ, ಕೆಲವು ಸೆಕೆಂಡು ನಿಶ್ಶಬ್ದ. ಆ ನಿಶ್ಶಬ್ದದಲ್ಲಿ ಕೇಳಬೇಕು. ಏನೂ ಇಲ್ಲ. "ಅಪ್ಪಯ್ಯ, ಈಗ ಹಾಕಿ" ಎಂದೆ.

ಟಕ್. ಒಂದು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಬಿಟ್ಟು ಮತ್ತೆ ಟಕ್. ಗಡಿಯಾರದ ಮುಳ್ಳಿನ ಹಾಗೆ, ತಪ್ಪದೆ. ಒಮ್ಮೊಮ್ಮೆ ಟಕ್ ಜೊತೆಗೆ ಸಣ್ಣಗೆ ಚರ್ ಎಂಬ ಸದ್ದು. ಮೋಡೆಮ್ ಪುಟದಲ್ಲಿ ಸಿಆರ್‌ಸಿ ತಪ್ಪುಗಳ (ಕೆಟ್ಟು ಬಂದ ಡೇಟಾದ) ಲೆಕ್ಕವೂ ಅದೇ ತಾಳಕ್ಕೆ ಏರುತ್ತಿತ್ತು. ಎರಡು ನಿಮಿಷ ತಡೆದು ಲೈನು ಬಿತ್ತು. "ತೆಗೆಯಿರಿ." ಸದ್ದು ನಿಂತಿತು. "ಹಾಕಿ." ಟಕ್. ಫೋನನ್ನು ಅಪ್ಪಯ್ಯನ ಕಿವಿಗೆ ಕೊಟ್ಟೆ. ಅವರು ಕೇಳಿ, "ಇಷ್ಟು ದಿನ ನಾನೇ ಕೈಯಾರೆ ಮಾಡ್ತಿದ್ದೆ, ಅಲ್ವಾ ಮಗಾ?" ಎಂದು ಬೇಜಾರು ಮಾಡಿಕೊಂಡರು. ಅವರ ತಪ್ಪೇನೂ ಇಲ್ಲ. ಬೇಲಿ ಹಾಕದಿದ್ದರೆ ತೋಟ ಉಳಿಯುವುದಿಲ್ಲ. ಬೇಲಿ ಇದ್ದೇ ಇರಬೇಕು, ಲೈನೂ ನಿಲ್ಲಬೇಕು. ಕೆಲಸ ಈಗ ಅದು.

ಜುಲೈ 3: ಅರ್ತ್

ಲೈನ್‌ಮನ್‌ಗೆ ಹೇಳಿದೆ, ಬಂದರು. ಬೇಲಿ ತಂತಿ ಮತ್ತು ಡ್ರಾಪ್ ವೈರ್ ಒಂದರ ಪಕ್ಕ ಒಂದು 80 ಮೀಟರ್ ಓಡುವುದನ್ನು ನಾನು ಮೊದಲು ತೋರಿಸಿದೆ. ಅವರು ನೋಡಿದ್ದು ಬೇರೆ. ಜಗಲಿಯ ಕೆಳಗೆ ನೆಲಕ್ಕೆ ಹೊಡೆದ ಒಂದೇ ಪೈಪು. ಬೇಲಿ ಪೆಟ್ಟಿಗೆಯ ಅರ್ತೂ ಅದಕ್ಕೇ, ಫೋನ್ ಲೈನಿಗೆ ಬಡಿದ ಸಿಡಿಲನ್ನು ನೆಲಕ್ಕಿಳಿಸುವ ಅರೆಸ್ಟರಿನ ಅರ್ತೂ ಅದಕ್ಕೇ. ಬೇಲಿ ಹಾಕಿದವರು ಇದ್ದ ಪೈಪಿಗೇ ಕಟ್ಟಿ ಹೋಗಿದ್ದರು.

ಲೈನು ಬಿಚ್ಚಿ, ಎರಡೂ ತಂತಿಯಿಂದ ಅರ್ತಿಗೆ ಬೇರೆಬೇರೆಯಾಗಿ ಅಳೆದೆ. ಒಂದರಲ್ಲಿ ಮೀಟರ್ ಅಲುಗಲಿಲ್ಲ, ಅದು ಸರಿ. ಇನ್ನೊಂದರಲ್ಲಿ 38 ಕಿಲೋ ಓಮ್. ಅರೆಸ್ಟರ್ ಬಿಚ್ಚಿ ತೆಗೆದು ಮತ್ತೆ ಅಳೆದರೆ ಎರಡೂ ಸರಿ. ಯಾವುದೋ ಹಳೇ ಸಿಡಿಲಿಗೆ ಅರೆಸ್ಟರಿನ ಒಂದು ಬದಿ ಅರ್ಧ ಸತ್ತಿತ್ತು. ಎರಡು ತಂತಿ ಒಂದೇ ಸಮ ಇದ್ದರೆ ಹೊರಗಿನ ಗಲಾಟೆ ಎರಡರಲ್ಲೂ ಒಂದೇ ಸಮ ಬಂದು ಕಳೆದುಹೋಗುತ್ತದೆ. ಒಂದು ತಂತಿ ಮಾತ್ರ ನೆಲಕ್ಕೆ ಸೋರಿದರೆ ಗಲಾಟೆ ಸೀದಾ ಮೋಡೆಮಿಗೆ. ಸಾಲದ್ದಕ್ಕೆ ಆ ನೆಲವೇ ಬೇಲಿಯ ನೆಲ.

ಹೊಸ ಅರೆಸ್ಟರ್ 150 ರೂಪಾಯಿ. ಬೇಲಿಗೆ ಪ್ರತ್ಯೇಕ ಅರ್ತ್ ಪೈಪು 650. ಬೇರೆ ಯಾವ ಅರ್ತಿನಿಂದಲೂ 10 ಮೀಟರಿಗಿಂತ ದೂರ ಇರಬೇಕು. ಕೊಟ್ಟಿಗೆಯ ಹಿಂದೆ ಸದಾ ತೇವ ಇರುವ ಜಾಗದಲ್ಲಿ, 14 ಮೀಟರ್ ಆಚೆ ಹೊಡೆದೆವು. ಅರೆಸ್ಟರನ್ನು ಮಾತ್ರ ತೆಗೆದು ಬಿಸಾಡಬೇಡಿ. ನಮ್ಮ ಕಡೆಯ ಏಪ್ರಿಲ್ ಮೇ ಸಿಡಿಲು ಗೊತ್ತಲ್ವಾ. ಅರೆಸ್ಟರ್ ಇದ್ದರೂ ಗುಡುಗು ಶುರುವಾದರೆ ಮೋಡೆಮಿನಿಂದ ಲೈನು ಕಿತ್ತಿಡಬೇಕು.

ಆ ರಾತ್ರಿ ಲೈನು ಬಿದ್ದದ್ದು ಒಂದೇ ಸಲ, ಎದ್ದದ್ದು 4,320ಕ್ಕೆ. ಟಕ್ ಸಣ್ಣದಾಗಿತ್ತು. ಚರ್ ಹಾಗೇ ಇತ್ತು.

ಜುಲೈ 5, ಭಾನುವಾರ: ಗಿಡ ಸವರಿದ್ದು

ಆ ಭಾನುವಾರದಿಂದ ರಾಜ್ಯದಲ್ಲಿ ಮತ್ತೆ ಸಂಡೇ ಲಾಕ್‌ಡೌನ್. ಅಂಗಡಿ ಇಲ್ಲ, ಆಳಿಲ್ಲ. ಅಪ್ಪಯ್ಯ, ನಾನು ಇಬ್ಬರೇ ಕತ್ತಿ ಹಿಡಿದು ಬೇಲಿ ಸುತ್ತಿದೆವು. ಹಿಂದಿನ ರಾತ್ರಿ ಬೇಲಿ ಆನ್ ಇದ್ದಾಗ ದೂರದಿಂದ ನೋಡಿ ಗುರುತು ಮಾಡಿಕೊಂಡಿದ್ದೆ. ಒದ್ದೆ ಕೆಸವಿನ ಎಲೆ, ಕುರುಚಲು, ಬಳ್ಳಿ ತಂತಿಗೆ ತಾಗಿದಲ್ಲೆಲ್ಲ ಕತ್ತಲೆಯಲ್ಲಿ ನೀಲಿ ಕಿಡಿ ಹಾರುತ್ತಿತ್ತು. ಆ ಚರ್ ಅದೇ. ಕಿಡಿ ಅಂದರೆ ಎಲ್ಲಾ ಫ್ರೀಕ್ವೆನ್ಸಿಗಳಲ್ಲೂ ಗಲಾಟೆ. ರಾತ್ರಿಯ ಪಟ್ಟಿಯಲ್ಲಿ ಇಡೀ ಗುಡ್ಡ ಕುಸಿದದ್ದು ಅದಕ್ಕೇ.

ಬೇಲಿ ಆಫ್ ಇದೆ ಎಂದು ಪೆಟ್ಟಿಗೆಯ ಹತ್ತಿರ ಹೋಗಿ ಕಣ್ಣಾರೆ ನೋಡಿಕೊಂಡು ಕೆಲಸ ಶುರು ಮಾಡಿ. 400 ಮೀಟರ್ ಗಿಡ ಸವರಲು ಬೆಳಿಗ್ಗೆಯಿಂದ ಮೂರು ಗಂಟೆಯವರೆಗೆ ಆಯಿತು. ಇಬ್ಬರಿಗೂ ಇಂಬಳದ ಕಾಟ ಬೇರೆ. ಒಡೆದ ಇನ್ಸುಲೇಟರ್ 31 ಸಿಕ್ಕವು. 40 ತರಿಸಿದೆ, ಒಂದಕ್ಕೆ 7, ಒಟ್ಟು 280 ರೂಪಾಯಿ. ಬುಧವಾರ ಹಾಕಿ ಮುಗಿಸಿದೆವು. ರಾತ್ರಿ ಸಿಂಕ್ 6,100.

ಜುಲೈ 11: ದಾರಿ ಬದಲು

ಉಳಿದದ್ದು ಆ 80 ಮೀಟರ್ ಜೋಡಿ ಓಟ. ಜೂನ್ 23ಕ್ಕೆ ಹೊಸ ವೈರ್ ಎಳೆಯುವಾಗಲೇ ಬೇಲಿ ಬಿಟ್ಟು ದೂರ ಎಳೆದಿದ್ದರೆ ಮುಗಿದುಹೋಗುತ್ತಿತ್ತು. ಆಗ 'ಹಳೇ ದಾರಿ ಇದೆಯಲ್ಲ' ಎಂದುಕೊಂಡೆವು. ಈಗ ಪೂರ್ತಿ ಬಿಚ್ಚಿ, ರಸ್ತೆ ಪಕ್ಕದ ಮರಗಳ ಮೇಲೆ ಎಳೆದೆವು. ಬೇಲಿಯನ್ನು ಒಂದೇ ಕಡೆ ದಾಟುತ್ತದೆ. ಅಲ್ಲೂ ಅಡ್ಡಡ್ಡ, ಎರಡೂವರೆ ಮೀಟರ್ ಮೇಲೆ. ಉದ್ದ 205 ಮೀಟರ್ ಆಯಿತು. ತಂದ 210ರಲ್ಲೇ ಸಾಕಾಯಿತು, ಜಾಯಿಂಟು ಹಾಕಬೇಕಾಗಲಿಲ್ಲ.

ಮಧ್ಯಾಹ್ನ ಸಿಂಕ್ 7,520. ಸಂಜೆ ಬೇಲಿ ಹಾಕಿದರು. 6:20, 6:30, 7:00. ನಿಂತಿತು. ಏಳರ ಮೀಟಿಂಗಿನಲ್ಲಿ ಮೊದಲ ಸಲ ವಿಡಿಯೋ ಆನ್ ಮಾಡಿದೆ. ರಾತ್ರಿ ಮಾರ್ಜಿನ್ 6ರಿಂದ 3.8ಕ್ಕೆ ಇಳಿಯುತ್ತಿತ್ತು. ವಾರದಲ್ಲಿ ಎರಡು ಸಲ ಬಿತ್ತು.

ಜುಲೈ 18: ಆಸೆ ಹೆಚ್ಚಾದದ್ದು

ಕೆಲವು ಮೋಡೆಮುಗಳಲ್ಲಿ ಟೆಲ್‌ನೆಟ್ ಮೂಲಕ ಟಾರ್ಗೆಟ್ ಮಾರ್ಜಿನ್ (ಕನೆಕ್ಟ್ ಆಗುವಾಗ ಕೈಯಲ್ಲಿಟ್ಟುಕೊಳ್ಳುವ ಮಾರ್ಜಿನ್) ಇಳಿಸಬಹುದು. 6ರ ಬದಲು 3ಕ್ಕೆ ಇಟ್ಟೆ. ಸಿಂಕ್ 8,640. ಆ ರಾತ್ರಿ 11 ಸಲ ಬಿತ್ತು. ಒಂದೊಂದು ಸಲ ಎದ್ದಾಗಲೂ ಸ್ವಲ್ಪ ಸ್ವಲ್ಪ ಕಮ್ಮಿ. ಬೆಳಿಗ್ಗೆ 3,900. ವಾಪಸ್ ಹಾಕಿದೆ. ಇದು ಬೇಡವೇ ಬೇಡ. ಬೀಳುವ ಲೈನಿನಲ್ಲಿ ಮಾರ್ಜಿನ್ ಇಳಿಸುವುದು ಅಂದರೆ ಇರುವ ಜಾಗವನ್ನೂ ಕಳೆದುಕೊಂಡಂತೆ.

ಜುಲೈ 21

ಉಲ್ಟಾ ಕೇಳಿದೆ. ಎಕ್ಸ್‌ಚೇಂಜಿಗೆ ಫೋನು ಮಾಡಿ, ನಮ್ಮ ಪೋರ್ಟಿನ ಟಾರ್ಗೆಟ್ ಮಾರ್ಜಿನ್ 9ಕ್ಕೆ ಏರಿಸಿ, ಇಂಟರ್‌ಲೀವಿಂಗ್ ಹಾಕಿ ಎಂದು ಕೇಳಿಕೊಂಡೆ. ಸ್ಪೀಡ್ ಕಮ್ಮಿ ಮಾಡಿ ಎಂದು ಕೇಳಿದ್ದಕ್ಕೆ ಆ ಕಡೆಯವರು ಎರಡು ಸಲ ಖಾತ್ರಿ ಮಾಡಿಕೊಂಡರು. ಇಂಟರ್‌ಲೀವಿಂಗ್ ಡೇಟಾವನ್ನು ಹರಡಿ ಕಳಿಸುತ್ತದೆ. ಒಂದು ಟಕ್ ಬಿದ್ದರೆ ಒಂದೇ ಕಡೆ ಹಾಳಾಗದೆ ಚೂರುಚೂರಾಗಿ ಹಾಳಾಗುತ್ತದೆ, ಮೋಡೆಮ್ ಅದನ್ನು ತಿದ್ದಿಕೊಳ್ಳುತ್ತದೆ. ಪಿಂಗ್ (ಡೇಟಾ ಹೋಗಿ ಬರಲು ಹಿಡಿಯುವ ಹೊತ್ತು) 24ರಿಂದ 46 ಮಿಲಿಸೆಕೆಂಡಿಗೆ ಏರಿತು. ನನ್ನ ಕೆಲಸಕ್ಕೆ ಅದು ಲೆಕ್ಕಕ್ಕಿಲ್ಲ.

ಸಿಂಕ್ 6,912. ಸ್ಪೀಡ್ ಟೆಸ್ಟ್ 5.9. ರಾತ್ರಿ ಮಾರ್ಜಿನ್ 7ಕ್ಕಿಂತ ಕೆಳಗೆ ಹೋಗಲಿಲ್ಲ.

ಖರ್ಚು

ಮೋಡೆಮ್ 1,750, ಸ್ಪ್ಲಿಟರ್ 120, ಜೆಲ್ಲಿ ಕನೆಕ್ಟರ್ 80, ಡ್ರಾಪ್ ವೈರ್ 1,680, ಅರೆಸ್ಟರ್ 150, ಇನ್ಸುಲೇಟರ್ 280, ಅರ್ತ್ ಪೈಪು 650. ಒಟ್ಟು 4,710 ರೂಪಾಯಿ. ಅದರಲ್ಲಿ ಮೋಡೆಮಿನ 1,750 ಬೇಕಿರಲಿಲ್ಲ. ಹಳೇ ಮೋಡೆಮನ್ನೇ ಮತ್ತೆ ಹಾಕಿ ನೋಡಿದೆ, 6,880 ಬಂತು. ಅದೂ ಚೆನ್ನಾಗೇ ಇದೆ.

ಆಗಸ್ಟ್ 9

ಈ ವಾರ ಭಾರಿ ಮಳೆ. ಮೂರು ದಿನ ಕರೆಂಟಿರಲಿಲ್ಲ. ರಸ್ತೆ ಪಕ್ಕದ ಒಂದು ಕೊಂಬೆ ಡ್ರಾಪ್ ವೈರಿನ ಮೇಲೆ ಬಿದ್ದು ವೈರ್ ಜೋತುಬಿದ್ದಿತ್ತು, ಕಡಿದಿರಲಿಲ್ಲ. ಎತ್ತಿ ಕಟ್ಟಿದೆವು. ನಿನ್ನೆ ಸಂಜೆ 5:50ಕ್ಕೆ ಕರೆಂಟು ಬಂತು. ಸಿಂಕ್ 6,848. ಬೇಲಿ ಹಾಕಿದ ಮೇಲೂ ಅಷ್ಟೇ. ಇವತ್ತು ಬೆಳಿಗ್ಗೆ ನೋಡಿದರೆ ಅಪ್‌ಟೈಮ್ 15 ಗಂಟೆ 10 ನಿಮಿಷ.

ಗಿಡ ಮತ್ತೆ ಚಿಗುರಿದೆ. ಕ್ಯಾಲೆಂಡರಿನಲ್ಲಿ ಮುಂದಿನ ಭಾನುವಾರದ ಮನೆಯೊಳಗೆ ಅಪ್ಪಯ್ಯನ ಪೆನ್ನಿನಲ್ಲಿ ಬರೆದಾಗಿದೆ: 'ಬೇಲಿ ಗಿಡ ಸವರುವುದು. ಲೈನಿಗೆ.'